ಮಡೆಪ್ಪನ ರಕ್ತ

೧೨ ನವೆಂಬರ್ ೧೯೪೮, ಶುಕ್ರವಾರ. ಬೀದರ.

ಡಾಬಕಾದ ಮಡೆಪ್ಪನ ರಕ್ತವನ್ನು ಇಂದು ಸೂಕ್ಷ್ಮದರ್ಶಕದಲ್ಲಿ ಮೂರು ಸಲ ನೋಡಿದೆ. ಬಲಿಯದ ಬಿಳಿಕಣಗಳು ಮಿತಿಯಿಲ್ಲದೆ ಹುಟ್ಟಿ, ಕೆಂಪುಕಣಗಳಿಗೆ ಜಾಗವೇ ಇಲ್ಲದಂತೆ ಮಾಡಿವೆ. ಇದಕ್ಕೆ ನಮ್ಮಲ್ಲಿ ಮದ್ದಿಲ್ಲ.

ಅವನ ಹೆಂಡತಿ ಗುರಮ್ಮನಿಗೆ ಬೇರೆಯೇ ಅಳುಕು. ರಜಾಕಾರರ ಹಾವಳಿಯಲ್ಲಿ ಅವನನ್ನು ಎಂಟು ದಿನ ಸುರಿಯುವ ಮಳೆಯಲ್ಲೇ ಜೋಳದ ಹೊಲದಲ್ಲಿ ಅಡಗಿಸಿದವಳು ಅವಳೇ.

“ಮಳ್ಯಾಗ ನಾನೇ ಕೂಡಿಸಿದ್ನಿರಿ. ಅದಕ್ಕೇ ಜಡ್ಡು ಬಂತೇನ್ರಿ?”

“ಇಲ್ಲವ್ವಾ, ನಿನ್ನ ತಪ್ಪಲ್ಲ. ಅವನ ರಕ್ತದ ಕಣಗಳೇ ಕೆಟ್ಟಾವ.”

“ಹಂಗಾದ್ರ ಈಗ ಎಲ್ಲಿ ಅಡಗಿಸ್ಲಿರಿ?”

ಅವರ ಊರ ಕಡೆಗೆ ಹೋಗುವ ಔರಾದ ಬಸ್ಸಿನವರೆಗೆ ಮಡೆಪ್ಪನ ಕೈಹಿಡಿದು ನಡೆಸಿಕೊಂಡು ಹೋದೆ. “ಕಡ್ಲಿ ರಾಶಿಗಿ ಬರ್ರಿ ಡಾಕ್ಟರ್ ಸಾಬ,” ಎಂದು ಕರೆದ. ಬರುತ್ತೇನೆ ಎಂದೆ. ಕಡಲೆ ಕೊಯ್ದು ರಾಶಿ ಮಾಡಲು ಇನ್ನೂ ಮೂರು ತಿಂಗಳಿದೆ. ಅಷ್ಟು ದಿನ ಅವನು ಉಳಿಯುವುದಿಲ್ಲ.