ಒಳಕೋಣೆಯ ಒಡೆಯ

ಸೋಮವಾರ, ೧೨

ಕೂಡಿದ ಮಹಾಜನರೇ, ಹಿಂದಿನ ಬೆಂಚಿನವರೇ, ಸುಮ್ಮಸುಮ್ಮನೆ ಕೆಮ್ಮುವವರೇ, ಕೇಳಿ! ...ಯಾರೂ ಇಲ್ಲ. ದಿನಚರಿ ಮಾತ್ರ. ಇರಲಿ. ರಂಗಮಂದಿರದ ಕಂಪ್ಯೂಟರ್ ಕೋಣೆಯಲ್ಲಿ ಇಂದಿನ ಅಂಕ: ಕೆಲಸ ಬಿಟ್ಟ ಸೌಂಡ್ ಅಕ್ಕನ ಖಾತೆ ಅಳಿಸಿದೆ. ಅವಳ ಫೈಲುಗಳು ಹಾಗೇ ಇವೆ. ಅವುಗಳಲ್ಲಿ 'ಅಪ್ಪ' ಎಂಬ ಒಳಫೋಲ್ಡರಿನಲ್ಲಿ ತೀರಿಕೊಂಡ ಅವಳ ಅಪ್ಪನ ದನಿ — ಬೇರೆಲ್ಲೂ ಪ್ರತಿಯಿಲ್ಲ. ಶುಕ್ರವಾರ ಬಂದು ಒಯ್ಯುತ್ತಾಳಂತೆ.

"ಜೋಪಾನ ಕಣೋ," ಎಂದಳು ಫೋನಿನಲ್ಲಿ.

"ತಲೆ ಹೋದರೂ ಸರಿ, ಅಕ್ಕಾ!" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಬುಧವಾರ, ೧೪

ಹೊಸ ಸೌಂಡಿನವನು ಬಂದ. ಗಂಟಲು ಕೇಳಿ ಮೈಕಾಸುರ ಎಂದು ಹೆಸರಿಟ್ಟೆ. ಖಾತೆ ತೆರೆದುಕೊಟ್ಟೆ.

ಗುರುವಾರ, ೧೫ — ಮಧ್ಯಾಹ್ನ

ಮೈಕಾಸುರ ಬಾಗಿಲಲ್ಲಿ ಗರ್ಜಿಸಿದ. "ಸಾರ್, ನನ್ನ ಹೆಸರಲ್ಲಿ ರಾಶಿ ಫೈಲಿದೆ. ನಾನು ಹಾಕಿದ್ದಲ್ಲ. ಮ್ಯಾನೇಜರ್ ಜಾಗ ಖಾಲಿ ಮಾಡು ಅಂದಿದಾರೆ. ಗುಡಿಸ್ಬಿಡ್ಲಾ?"

"ನಿಲ್ಲು!"

"ನಿಂತೇ ಇದೀನಲ್ಲ ಸಾರ್."

ನೋಡಿದೆ. ಅಕ್ಕನ ಫೈಲುಗಳು! ಯಂತ್ರಕ್ಕೆ ಹೆಸರು ಬೇಡ, ನಂಬರ್ ಸಾಕು. ಅಕ್ಕನ ಖಾತೆಯ ನಂಬರ್ ಖಾಲಿಯಾಗಿತ್ತಲ್ಲ — ಅದನ್ನೇ ಇವನಿಗೆ ಕೊಟ್ಟಿದೆ. ಕಿರೀಟ ತೊಟ್ಟವನೇ ರಾಜ! ಅವಳದೆಲ್ಲ ಈಗ ಇವನದು. ಕೂಡಲೇ ಚೌನ್ ಹೊಡೆದೆ — ಒಡೆತನ ಬದಲಿಸುವ ಆಜ್ಞೆ. ಅಕ್ಕನ ಫೋಲ್ಡರ್ ನನ್ನ ಹೆಸರಿಗೆ ಬಂತು. ಉಸ್ಸಪ್ಪಾ.

"ಇನ್ನು ನಿನ್ನ ಹೆಸರಲ್ಲಿ ಏನುಳಿದಿದೆಯೋ ಅದನ್ನು ಗುಡಿಸು. ಅಪ್ಪಣೆ!"

"ನಾಳೆ ಬೆಳಿಗ್ಗೆ ಬಂದಕೂಡ್ಲೇ ಮಾಡ್ತೀನಿ ಸಾರ್."

ಅದೇ ದಿನ — ಸಂಜೆ

ಮಡದಿಗೆ ಇಡೀ ದೃಶ್ಯ ಅಭಿನಯಿಸಿ ತೋರಿಸಿದೆ. ಅವಳು ಬಟ್ಟೆ ಮಡಚುತ್ತಲೇ, "ಸರಿ, ಬಾಗಿಲು ನಿಮ್ಮದಾಯ್ತು. ಒಳಗಿರೋ ಸಾಮಾನು?" ಎಂದಳು.

ಆರ್! ಚೌನ್ ಜೊತೆ ಹಾಕುವ, ಒಳಗಿನದನ್ನೂ ಸೇರಿಸು ಎನ್ನುವ ಆ ದೊಡ್ಡ ಆರ್ ಅಕ್ಷರ... ಹಾಕಿದೆನೇ? ಚೌನ್. ನನ್ನ ಹೆಸರು. ಫೋಲ್ಡರಿನ ಹೆಸರು. ಎಂಟರ್.

ಹಾಕಿಲ್ಲ.

ಹೊರಬಾಗಿಲು ನನ್ನದು. ಒಳಗಿನ 'ಅಪ್ಪ' ಎಂಬ ಕೋಣೆ ಇನ್ನೂ ಮೈಕಾಸುರನದೇ. ಗುಡಿಸು ಎಂದು ಅಪ್ಪಣೆ ಕೊಟ್ಟವನು ನಾನೇ! ಅವನ ಫೋನ್ ಸ್ವಿಚ್ ಆಫ್. ರಂಗಮಂದಿರಕ್ಕೆ ಬೀಗ. ಅಕ್ಕನ ಮೆಸೇಜ್ ಬೇರೆ: "ಅಪ್ಪ ಹುಷಾರಾಗಿದ್ದಾರಾ?"

ಉತ್ತರ ಬರೆದೆ. ಅಳಿಸಿದೆ.

ನಾಳೆ ಬೆಳಿಗ್ಗೆ, ಕಾವಲಿನವನು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತೇನೆ. ಮೈಕಾಸುರನನ್ನು ಹಿಂದಿಕ್ಕಿ ಒಳನುಗ್ಗಿ, ಕೂರದೆ, ನಿಂತಲ್ಲೇ, ಆ ಒಂದು ಅಕ್ಷರ —