ಪುಣೆಗೆ ಬರುವ ಅತ್ತೆಗೆ

ಧನಗೆರೆಯ ಅತ್ತೆಯವರಿಗೆ ನಾಗಶ್ರೀಯ ಶರಣಾರ್ಥಿಗಳು.

ಇವತ್ತು ಪುಣೆಯಲ್ಲಿ ಕೆಲಸಕ್ಕೆ ಸೇರಿದೆ. ಎಂಟು ಎಂಜಿನಿಯರುಗಳ ತಂಡಕ್ಕೆ ನಾನೇ ಮುಖ್ಯಸ್ಥೆ. ಮೈಸೂರಿನಲ್ಲಿ ಸಿಕ್ಕಿದ್ದ ಇನ್ನೊಂದು ಕೆಲಸವಾಗಿದ್ದರೆ ಸಂಜೆ ಐದಕ್ಕೇ ಮನೆ ಸೇರಬಹುದಿತ್ತು, ಆದರೆ ಅಲ್ಲಿ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಆದರೂ ಮನೆಯವರೆಲ್ಲ ಅದನ್ನೇ ಒಪ್ಪಿಕೋ ಎಂದಾಗ ತಲೆಯಾಡಿಸಿಬಿಟ್ಟಿದ್ದೆ. ನೀವೊಬ್ಬರೇ, "ಮೈಸೂರು ಇದ್ದಲ್ಲೇ ಇರ್ತದೆ ಕಣವ್ವ, ಕಲಿಯೋ ವಯಸ್ಸು ನಿಲ್ಲಾಕಿಲ್ಲ. ಪುಣೆಗೇ ಓಗು. ನಾನೂ ಬತ್ತೀನಿ, ಮಗೀನ ನೋಡ್ಕತೀನಿ" ಎಂದಿರಿ. ಕೊಳ್ಳೇಗಾಲ ದಾಟಿ ಒಂದು ದಿನವೂ ತಂಗದವರು ನೀವು! ಆ ಧೈರ್ಯ ನನಗಿರಲಿಲ್ಲ.

ನಿಮ್ಮ ಮಂಡಿನೋವಿಗೆಂದು ಮೆಟ್ಟಿಲಿಲ್ಲದ ಮನೆ ಹಿಡಿದಿದ್ದೇವೆ. ಆಫೀಸಿಗೆ ದೂರ, ಇರಲಿ. ಪಕ್ಕದ ಮನೆಯವರಿಗೆ ಕನ್ನಡ ಬರುತ್ತದೆ. ಬರುವಾಗ ರಾಗಿಹಿಟ್ಟು ತನ್ನಿ.

ಇಲ್ಲಿ ಬೇಸರವಾದರೆ ನನ್ನಿಂದ ಮುಚ್ಚಿಡಬೇಡಿ. ನಾನೇ ರಜೆ ಹಾಕಿ ಊರಿಗೆ ಕರೆದುಕೊಂಡು ಬರುತ್ತೇನೆ.

ನಿಮ್ಮ ಸೊಸೆ,
ನಾಗಶ್ರೀ