ಎಸಿ ರೂಮಿನ ಗಿಡ

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 9.30

ಎಲೆ ಒರೆಸಿಯಾಯಿತು. ಒದ್ದೆ ಬಟ್ಟೆ ಪೂರಾ ನೀಲಿ — ಜೀನ್ಸ್ ನೂಲಿನ ಧೂಳು ಬಾಗಿಲು ಮುಚ್ಚಿದ ಕ್ಯಾಬಿನ್‌ಗೂ ನುಗ್ಗುತ್ತದೆ. ಮಣ್ಣಿಗೆ ಬೆರಳಿಟ್ಟು ನೋಡಿದೆ. ಇನ್ನೂ ತೇವ. ಇವತ್ತು ನೀರು ಬೇಡ. ಬೇಕಾದಾಗಲೂ ಫಿಲ್ಟರ್ ನೀರೇ ಆಗಬೇಕು.

ಈ ಜೀನ್ಸ್ ಫ್ಯಾಕ್ಟರಿಗೆ ಸೇರಿದ್ದು ಬಿಲ್ ಟೈಪ್ ಮಾಡಲು. ಓನರ್ ವೀರೇಶ್ ಸರ್ ಈ ದುಬಾರಿ ಮಾನ್‌ಸ್ಟೆರಾ ಗಿಡ ತಂದ ದಿನದಿಂದ ಅದರ ದಾದಿಯೂ ನಾನೇ. ಎಲೆ ಅರ್ಧ ಹಸಿರು, ಅರ್ಧ ಬಿಳಿ. ಕೊಳಗಲ್ಲಿನಿಂದ ಹೊಲಿಗೆಗೆ ಬರುವ ಹಂಪಕ್ಕ ಒಮ್ಮೆ ಬಾಗಿಲಲ್ಲೇ ನಿಂತು ನೋಡಿ ಕೇಳಿದ್ದಳು, "ಸುಣ್ಣ ಬಳಿಯೋರು ಇದರ ಮ್ಯಾಲ ಕೈ ಜಾಡಿಸ್ಯಾರೇನವ್ವಾ?"

ಬಿಳಿ ಭಾಗ ಆಹಾರ ತಯಾರಿಸುವುದಿಲ್ಲವಂತೆ. ಹಸಿರು ದುಡಿಯುತ್ತದೆ, ಬಿಳಿ ಕೂತು ಉಣ್ಣುತ್ತದೆ. ಬೆಲೆ ಮಾತ್ರ ಬಿಳಿಗೆ. ನಮ್ಮ ಸಂಘಟನೆಯ ಕರಪತ್ರದಲ್ಲಿ ಹೀಗೆ ಬರೆದರೆ ಕಟ್ಟುಕಥೆ ಎನ್ನುತ್ತಾರೆ.

ಏಪ್ರಿಲ್ 11. ಮಧ್ಯಾಹ್ನ

ಹಂಪಕ್ಕನ ಜೊತೆ ಹೊಲಿಯುವ ಪಾರಮ್ಮ ಸೆಖೆಗೆ ಮಷಿನ್ ಮೇಲೆಯೇ ಕುಸಿದಳು. ಹೊಲಿಗೆ ಹಾಲ್‌ಗೆ ತಗಡಿನ ಸೂರು. ಕೂಲರ್ ಹೋದ ಬೇಸಿಗೆಯಿಂದ ಕೆಟ್ಟು ಮೂಲೆಯಲ್ಲಿದೆ. ಅದರೊಳಗೆ ಈಗ ದಾರದ ಉಂಡೆಗಳು. ಹೊಸದು ಹಾಕಿಸಿ ಎಂದು ಕೇಳಲು ಹೋದೆ. ಸರ್ ನಕ್ಕರು.

"ಬಳ್ಳಾರಿಯೋರಿಗೆ ಬಿಸಿಲು ಹೊಸದೇನಮ್ಮಾ? ಕುರುಗೋಡಿನಾಗ ಹುಟ್ಟಿದಾಕಿ ಆಕಿ. ಮುಂಜಾನಿ ಉಣ್ಣದ ಬಂದಿರ್ತಾಳ."

ಅದೇ ಉಸಿರಿನಲ್ಲಿ — ಕರ್ನೂಲಿನಲ್ಲಿ ಮದುವೆ ಇದೆ, ಎರಡು ವಾರ ಇರುವುದಿಲ್ಲ, ನಾನು ಬರುವ ತನಕ ಎಸಿ ಆರಿಸಬೇಡ, ಸೆಖೆಗೆ ಬಿಳಿ ಎಲೆ ಸುಟ್ಟೀತು.

ಹಾಲ್‌ಗೆ ಕೂಲರ್ ಬರುವವರೆಗೆ ಬಿಡುವುದಿಲ್ಲ. ಕೆಲಸ ಹೋದರೆ ಹೋಗಲಿ. ಬರೆಯುವುದು ಸುಲಭ... ಹೋದರೆ ವಾಪಸ್ ಸಿರುಗುಪ್ಪ. "ಓದಿದ್ದು ಸಾಕು, ಮದಿವಿ ಆಗು" ಅನ್ನಲು ಅಪ್ಪ ಕಾದಿದ್ದಾನೆ. ಇರಲಿ. ಬರೆದದ್ದು ಬರೆದದ್ದೇ.

ಏಪ್ರಿಲ್ 15, ಮಂಗಳವಾರ

ನಿನ್ನೆ ಸಿರುಗುಪ್ಪದಲ್ಲಿ ಸಂವಿಧಾನ ಶಿಲ್ಪಿಯ ಜಯಂತಿ ಮೆರವಣಿಗೆ. ಘೋಷಣೆ ಕೂಗಿ ಕೂಗಿ ಗಂಟಲು ಇನ್ನೂ ಕಟ್ಟಿದೆ. ಅಲ್ಲಿ ಕೂಗಿ ಬಂದು ಇಲ್ಲಿ ಎಲೆ ಒರೆಸುವುದೆ?

ಕುಂಡ ಎತ್ತಿಕೊಂಡು ಹಾಲ್‌ಗೆ ಬಂದೆ. ಹಂಪಕ್ಕನ ಮಷಿನ್ ಪಕ್ಕ ಇಟ್ಟೆ. ಸರ್ ಬರುವಷ್ಟರಲ್ಲಿ ಬಿಳಿಯೆಲ್ಲ ಸುಟ್ಟು ಕಂದಾಗಿರುತ್ತದೆ. ಗಿಡ ಬದುಕದ ಜಾಗದಲ್ಲಿ ಹೆಂಗಸರು ಹೇಗೆ ದುಡಿಯಬೇಕು ಎಂದು ಆಗ ಕೇಳುತ್ತೇನೆ.

"ಅದೇನು ಪಾಪ ಮಾಡೇತವ್ವಾ?" ಎಂದಳು ಹಂಪಕ್ಕ.

"ಪಾಪ ಪುಣ್ಯ ಅಲ್ಲಕ್ಕಾ. ಇದು ನಮ್ಮ ಸಾಕ್ಷಿ."

"ಸಾಕ್ಷಿ ಹೇಳಾಕ ಇಷ್ಟು ಮಂದಿ ಅದೀವಲ್ಲ. ಬಾಯಿಲ್ಲದ್ದನ್ನ ಯಾಕ ತಂದಿ?"

ನಾನು ಕ್ಯಾಬಿನ್‌ಗೆ ವಾಪಸ್ ಬಂದು ಬಿಲ್ ಟೈಪ್ ಮಾಡಲು ಕೂತೆ.

ಏಪ್ರಿಲ್ 17

ಎಲೆ ಜೋಲುವುದನ್ನು ಒಂದು ದಿನವೂ ನೋಡಲಾಗಲಿಲ್ಲ ಹಾಲ್‌ನ ಹೆಂಗಸರಿಗೆ. ಕಿಟಕಿಗೆ ಒದ್ದೆ ಜೀನ್ಸ್ ತುಂಡುಗಳು. ಕುಂಡದ ಸುತ್ತ ಒದ್ದೆ ಗೋಣಿಚೀಲ. ಸೂಪರ್‌ವೈಸರ್ ಅಮರೇಶ್ ಬಯ್ಯುತ್ತಾನೆ ಎಂದುಕೊಂಡೆ. ಅವನು ಗೋಡೌನಿನಿಂದ ದೊಡ್ಡ ಫ್ಯಾನ್ ಎಳೆದು ತಂದ.

"ಸರ್ ಗಿಡ. ಏನಾರ ಆದ್ರ ನನ್ನ ಚರ್ಮ ಸುಲೀತಾರ."

ಹೋದ ತಿಂಗಳು ಪಾರಮ್ಮ ಕಿಟಕಿಗೆ ಒದ್ದೆ ಟವೆಲ್ ಕಟ್ಟಿದಾಗ, ಹೊಲಿದ ಬಟ್ಟೆಗೆ ಕಲೆ ಬೀಳುತ್ತದೆ ಎಂದು ಕಿತ್ತೆಸೆದವನು ಇವನೇ. ಈಗ ಗಿಡಕ್ಕೆ ಬೀಸುವ ಗಾಳಿ ಅವಳ ಬೆನ್ನಿಗೂ ತಾಗುತ್ತಿದೆ. "ಗಿಡದ ಋಣ" ಎಂದು ನಗುತ್ತಾಳೆ. ನನಗೆ ಮೈಯೆಲ್ಲ ಉರಿ. ಗಿಡದ ನೆರಳಲ್ಲಿ ಸಿಗುವ ಗಾಳಿ ಬೇಡ. ಹೆಂಗಸರ ಹೆಸರು ಹೇಳಿಯೇ ಕೊಡಲಿ.

ಏಪ್ರಿಲ್ 24, ಗುರುವಾರ. 12.10

ಸರ್ ಬಂದರು. ಖಾಲಿ ಕ್ಯಾಬಿನ್ ನೋಡಿ ಹಾಲ್‌ಗೆ ಓಡಿದರು. ಬಿಳಿ ಎಲ್ಲಿಯೂ ಸುಟ್ಟಿಲ್ಲ. ಮೇಲಾಗಿ ಒಂದು ಹೊಸ ಎಲೆ ಸುರುಳಿ ಬಿಚ್ಚುತ್ತಿದೆ. ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಈಗ ಸಾಕ್ಷಿಯೇ ಇಲ್ಲ.

"ನೋಡಮ್ಮಾ ಜಯಶ್ರೀ, ಎಸಿ ಗಿಡಾನ ಇಲ್ಲಿ ಚಿಗುರೇತಿ. ಇವರಿಗೆ ಕೂಲರ್ ಯಾಕ ಬೇಕು? ಅಮರೇಶ, ಗಿಡ ಒಳಗಿಡು. ಫ್ಯಾನ್ ಗೋಡೌನಿಗೆ ಹಾಕು. ಆ ಒದ್ದಿ ಬಟ್ಟಿ ಬಿಚ್ಚು." ಆಮೇಲೆ ನನಗೆ, "ನೀನು ನಾಳಿಂದ ಬರಬ್ಯಾಡ."

ಹಂಪಕ್ಕನ ಮಷಿನ್ ನಿಂತಿತು. ಆಮೇಲೆ ಪಾರಮ್ಮನದು. ಆಮೇಲೆ ಸಾಲಾಗಿ ಎಲ್ಲವೂ. ಹಂಪಕ್ಕ ಕುಂಡ ಎಳೆದು ತೊಡೆಯ ಮೇಲಿಟ್ಟುಕೊಂಡಳು.

"ಸುಮ್ಮ ಚಿಗುರಿಲ್ಲ ಸಾವ್ಕಾರ್ರ. ನಾವು ಜ್ವಾಪಾನ ಮಾಡೀವಿ. ನಮ್ಮನ್ನ ಯಾರು ಮಾಡ್ತಾರ? ಫ್ಯಾನ್ ಇಲ್ಲೇ ಇರ್ಲಿ. ಕೂಲರ್ ಬರ್ಲಿ. ಈ ಹುಡುಗಿ ನಾಳಿ ಕೆಲಸಕ್ಕ ಬರ್ಲಿ. ಆಮ್ಯಾಲ ಗಿಡ ಒಯ್ರಿ."

"ಇಲ್ಲಾಂದ್ರ?"

"ಇಲ್ಲಾಂದ್ರ ನಾವೂ ಅದರ ಜೋಡಿ ಎಸಿ ರೂಮಿಗೆ ಬರ್ತೀವಿ," ಎಂದಳು ಪಾರಮ್ಮ. "ಒರೆಸಾಕ ಜಯಶ್ರೀ ಅದಾಳ." ಹಾಲ್ ತುಂಬ ನಗು.

12.40

ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದೂ ಮಷಿನ್ ಓಡುತ್ತಿಲ್ಲ. ಸರ್ ಕ್ಯಾಬಿನ್‌ನಲ್ಲಿ ಫೋನ್ ಹಿಡಿದಿದ್ದಾರೆ — ಪೊಲೀಸರಿಗೋ, ಕೂಲರ್ ಅಂಗಡಿಗೋ, ಇಲ್ಲಿಗೆ ಕೇಳುವುದಿಲ್ಲ. ಅಮರೇಶ್ ಫ್ಯಾನಿನ ವೈರ್ ಹಿಡಿದು ನಿಂತಿದ್ದಾನೆ, ಎಳೆಯುತ್ತಿಲ್ಲ. ಇಷ್ಟು ಹೊತ್ತಾದರೂ ನಾನು ಒಂದು ಘೋಷಣೆಯನ್ನೂ ಕೂಗಿಲ್ಲ. ಯಾರೂ ಕೂಗು ಎನ್ನಲೂ ಇಲ್ಲ. ಹಂಪಕ್ಕ ಕರೆಯುತ್ತಿದ್ದಾಳೆ, "ಬರಿಯೋದು ಆಮ್ಯಾಲ ಬರಿಯವ್ವಾ, ಪಾಟ್ ಭಾಳ ವಜ್ಜಿ ಐತಿ, ಕಾಲು ಜೋಮು ಹಿಡದಾವು, ಈ ಕಡಿ ನೀನು ಹಿಡಿ" —